ಡಾಕ್ಟರ್ ಪುಟ್ಟಲಿಂಗೇಗೌಡರ ಹತ್ತಿರ ಹೋಗ್ತೀರಾ?

ಊರಿಗೆ ಹೊಸದಾಗಿ ಬಂದ ಡಾಕ್ಟರಿಗೆ ವರ್ಷಕ್ಕೆ ಎಷ್ಟು ಸಂಬಳ ಕೊಟ್ಟರೆ ಸರಿ? ನನ್ನ ಸರ್ವೆಯ ಈ ಪ್ರಶ್ನೆಗೆ, ಅಮೆರಿಕದ ಓಹಾಯೋದವನು ಎಂದು ಹೇಳಿಕೊಂಡಿದ್ದ ಒಬ್ಬ '2 ಲ್ಯಾಕ್ಸ್' ಎಂದು ಬರೆದಿದ್ದ. ಆ ಸಾಲನ್ನು ಮೂರು ಸಲ ಓದಿದೆ. ಓಹಾಯೋದಲ್ಲಿ ಲಕ್ಷದಲ್ಲಿ ಲೆಕ್ಕ ಹಾಕುವವರು ಯಾರಪ್ಪಾ? ಕೆಳಗೆ ನೋಡುತ್ತಾ ಹೋದೆ. ಇನ್ನೊಬ್ಬನ ಉತ್ತರ 'ಗುಡ್'. ಮತ್ತೊಬ್ಬನದು 'ನೈಸ್'. ಅವನ ಕೆಳಗಿನವನದು 'ವೆರಿ ನೈಸ್ ಸ್ಟಡಿ'. ಸಂಬಳ ಎಷ್ಟು ಅಂದರೆ ನೈಸ್ ಅಂತೆ! ಬೇರೆ ಬೇರೆ ರಾಜ್ಯದವರು ಎಂದಿದ್ದ ಹತ್ತಾರು ಜನ ಉತ್ತರ ತುಂಬಿದ ಜಾಗದ ಅಕ್ಷಾಂಶ, ರೇಖಾಂಶ ಕೊನೆಯ ಅಂಕಿಯವರೆಗೂ ಒಂದೇ ಆಗಿದ್ದವು.

ಅದು 2018ರ ಸೆಪ್ಟೆಂಬರ್. ಅಮೆರಿಕದ ಮಧ್ಯಭಾಗದ ಒಂದು ಯೂನಿವರ್ಸಿಟಿಯಲ್ಲಿ ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಮೂರನೇ ವರ್ಷ. ಡಿಪಾರ್ಟ್‌ಮೆಂಟಿನವರು ವಿದ್ಯಾರ್ಥಿಗಳಿಗೆ ಅಂತ ಇಟ್ಟಿದ್ದ ಸಣ್ಣ ಹಣದಲ್ಲಿ 500 ಡಾಲರ್ ಕೊಟ್ಟಿದ್ದರು. ಅದನ್ನು ತೆಗೆದುಕೊಂಡು ಹೋಗಿ, ಚಿಲ್ಲರೆ ಕಾಸಿಗೆ ಆನ್‌ಲೈನಿನಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಡುವವರು ಸಿಗುವ ಒಂದು ವೇದಿಕೆಯಲ್ಲಿ ಸರ್ವೆ ಹಾಕಿದ್ದೆ. 'ಅಮೆರಿಕದಲ್ಲಿ ಇರುವವರು ಮಾತ್ರ' ಎಂಬ ಷರತ್ತೂ ಹಾಕಿದ್ದೆ. ಆ ವರ್ಷ ಈ ತೊಂದರೆ ನನಗೊಬ್ಬನಿಗೇ ಬಂದದ್ದಲ್ಲ. ಬೇರೆ ದೇಶದಲ್ಲಿ ಕೂತು, ಬಾಡಿಗೆ ಸರ್ವರ್ ಮೂಲಕ ಅಮೆರಿಕದವರ ವೇಷ ಹಾಕಿ ಉತ್ತರ ತುಂಬುತ್ತಿದ್ದಾರೆ ಎಂದು ಸಂಶೋಧಕರೆಲ್ಲ ಗಾಬರಿಯಾಗಿದ್ದರು. ಹಾಗೆ ತುಂಬಿದವರಲ್ಲಿ ನಮ್ಮ ದೇಶದವರೂ ಇದ್ದರು. '2 ಲ್ಯಾಕ್ಸ್' ಬರೆದವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ನಿಜ ಹೇಳಬೇಕಂದ್ರೆ. ಅಲ್ಲೆಲ್ಲೋ ಬಾಡಿಗೆ ರೂಮಿನಲ್ಲಿ ಕೂತ ಹುಡುಗ, ಒಂದು ಸರ್ವೆಗೆ ಅರ್ಧ ಡಾಲರ್. ನಾನೂ ಮಾಡುತ್ತಿದ್ದೆನೇನೋ. ಆದರೆ ದುಡ್ಡಂತೂ ಹೋಯಿತು.

ನನ್ನ ಪ್ರಶ್ನೆ ಇಷ್ಟೇ. ಅಮೆರಿಕದ ಡಾಕ್ಟರುಗಳಲ್ಲಿ ಸುಮಾರು ಕಾಲುಭಾಗ ಜನ ಹೊರದೇಶದಲ್ಲಿ ವೈದ್ಯಕೀಯ ಓದಿದವರು. ಅದರಲ್ಲಿ ಭಾರತದಲ್ಲಿ ಓದಿದವರೇ ಎಲ್ಲರಿಗಿಂತ ಜಾಸ್ತಿ. ಕಾನ್ರಾಡ್ 30 ಎಂಬ ಯೋಜನೆಯಲ್ಲಿ ಒಂದೊಂದು ರಾಜ್ಯವೂ ವರ್ಷಕ್ಕೆ 30 ಜನ ವಿದೇಶಿ ಡಾಕ್ಟರಿಗೆ ವೀಸಾದ ಒಂದು ಷರತ್ತಿನಿಂದ ವಿನಾಯಿತಿ ಕೊಡಿಸಬಹುದು. ಅದಕ್ಕೆ ಬದಲಾಗಿ ಅವರು ಡಾಕ್ಟರು ಸಿಗದ ಊರುಗಳಲ್ಲಿ ಮೂರು ವರ್ಷ ಕೆಲಸ ಮಾಡಬೇಕು. ಹಾಗಾಗಿ ಜೋಳದ ಹೊಲಗಳ ನಡುವಿನ ಸಣ್ಣ ಊರಿನ ಕ್ಲಿನಿಕ್ಕಿನ ಬಾಗಿಲಿಗೆ ಮಾರುದ್ದದ ತೆಲುಗು, ಕನ್ನಡ ಹೆಸರಿನ ಬೋರ್ಡು ಬೀಳುತ್ತದೆ. ಆ ಬೋರ್ಡು ನೋಡಿದ ರೋಗಿ ಹಿಂದೆ ಸರಿದರೆ ಅದು ಹೊರಗಿನವರು ಅಂತಲೋ, ಅಥವಾ ಸುಮ್ನೆ ಹೆಸರು ನಾಲಿಗೆಗೆ ಸಿಗಲ್ಲ ಅಂತಲೋ?

ಹೆಸರಿನ ಮೇಲೆ ಹಳೆಯ ಕೆಲಸಗಳು ಬೇಕಾದಷ್ಟಿವೆ. ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್, ಷಿಕಾಗೊಗಳಲ್ಲಿ ಕೆಲಸಕ್ಕೆ ಸುಮಾರು 5,000 ಅರ್ಜಿ ಕಳಿಸಿ ನೋಡಿ, 2004ರಲ್ಲಿ ಪ್ರಕಟಿಸಿದ್ದರು. ಅರ್ಹತೆಯಲ್ಲಿ ವ್ಯತ್ಯಾಸವಿಲ್ಲ, ಹೆಸರು ಮಾತ್ರ ಬೇರೆ. ಕರಿಯರದ್ದು ಅನ್ನಿಸುವ ಹೆಸರಿಗಿಂತ ಬಿಳಿಯರದ್ದು ಅನ್ನಿಸುವ ಹೆಸರಿಗೆ ಶೇ. 50ರಷ್ಟು ಜಾಸ್ತಿ ಕರೆ ಬಂತು. ನನ್ನದೂ ಅದೇ ಜಾತಿಯ ಪ್ರಯೋಗ, ಆದರೆ ಸರ್ವೆಯ ಒಳಗೆ. ಎಲ್ಲರಿಗೂ ಒಂದೇ ಡಾಕ್ಟರ ಕಥೆ. ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಹೆಸರು ತೋರಿಸುತ್ತದೆ. 'ಇವರ ಹತ್ತಿರ ಹೋಗ್ತೀರಾ?' ಆಮೇಲೆ ಗುಂಪು ಗುಂಪಿನ ಸರಾಸರಿ ಹೋಲಿಸುವುದು. ಇದಕ್ಕೆ ಬೇಕಾದ್ದು ಜನ. ನಿಜವಾದ ಜನ, ಎಲ್ಲ ಥರದ ಜನ. ಅದಕ್ಕೇ ದುಡ್ಡು.

ಒಂದು ದೊಡ್ಡ ಸರ್ವೆ ಕಂಪನಿಯಿಂದ ಕೊಟೇಶನ್ ತರಿಸಿದೆ. ಐದಂಕಿಯ ಡಾಲರು. ಪಿಡಿಎಫ್ ಮುಚ್ಚಿಟ್ಟೆ.

ಆಗ ನಮ್ಮ ಗೈಡ್ ಹೇಳಿದ್ದು ಟೆಸ್‌ಗೆ ಹಾಕು ಎಂದು. ಟೆಸ್ ಅಂದರೆ 'ಟೈಮ್‌ಶೇರಿಂಗ್ ಎಕ್ಸ್‌ಪೆರಿಮೆಂಟ್ಸ್ ಫಾರ್ ದಿ ಸೋಷಿಯಲ್ ಸೈನ್ಸಸ್'. ಡಯಾನಾ ಮಟ್ಜ್ ಮತ್ತು ಆರ್ಥರ್ ಲುಪಿಯಾ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞರು 2001ರಲ್ಲಿ ಶುರು ಮಾಡಿದ್ದು. ಹಣ ಅಮೆರಿಕ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನದು. ಆದರೆ ಅರ್ಜಿ ಹಾಕಿ ಗೆದ್ದವರ ಕೈಗೆ ಒಂದು ಡಾಲರೂ ಬರುತ್ತಿರಲಿಲ್ಲ. ಅವರು ನಿಮ್ಮ ಪ್ರಯೋಗವನ್ನು ದೇಶದ ವಯಸ್ಕರ ಪ್ರಾತಿನಿಧಿಕ ಗುಂಪಿನ ಮುಂದೆ ತಾವೇ ಇಟ್ಟು, ಉತ್ತರಗಳ ಫೈಲು ಕೊಡುತ್ತಿದ್ದರು. ಖರ್ಚೆಲ್ಲ ಅವರದ್ದು.

ನಮ್ಮ ಮಂಡ್ಯದ ಕಡೆ ಆಲೆಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೈತ ಅಂತ ರೈತನೆಲ್ಲ ಸ್ವಂತ ಗಾಣ ಇಟ್ಟುಕೊಳ್ಳುವುದಿಲ್ಲ. ಗಾಣ ಒಂದು, ಕೊಪ್ಪರಿಗೆ ಒಂದು. ಇವತ್ತು ನಿನ್ನ ಕಬ್ಬು, ನಾಳೆ ನನ್ನದು. ಅಪ್ಪನಿಗೆ ಫೋನಿನಲ್ಲಿ ಹೀಗೇ ಹೇಳಿದೆ. 'ಹಂಗಾರೆ ಬೆಲ್ಲ ಯಾರ್ದು?' ಎಂದರು. ಒಳ್ಳೆಯ ಪ್ರಶ್ನೆ. ಬೆಲ್ಲ ಮೊದಲು ನನ್ನದು, ಸ್ವಲ್ಪ ಕಾಲ ಕಳೆದ ಮೇಲೆ ಎಲ್ಲರದ್ದು. ಡೇಟಾ ಸಾರ್ವಜನಿಕವಾಗುತ್ತದೆ. ಫಲಿತಾಂಶ ಬಂದಿರಲಿ, ಬಿಡಲಿ.

ಅರ್ಜಿ ಐದೇ ಪುಟ. ಐದು ಪುಟ ತಾನೇ ಅಂತ ಒಂದು ವಾರದಲ್ಲಿ ಬರೆದು 2019ರ ಜನವರಿಯಲ್ಲಿ ಹಾಕಿದೆ. ನನ್ನ ಪ್ಲಾನು ಹೀಗಿತ್ತು: ಹೆಸರು ಗಿಡ್ಡ ಅಥವಾ ಉದ್ದ, ಓದಿದ್ದು ಭಾರತದಲ್ಲಿ ಅಥವಾ ಅಮೆರಿಕದಲ್ಲಿ. ಎರಡೆರಡಲ ನಾಲ್ಕು ಗುಂಪು. ಗುಂಪಿಗೆ 400 ಜನ, ಒಟ್ಟು 1,600. ಭಾರತದಲ್ಲಿ ಓದಿದವರಿಗೆ ಮಾತ್ರ ಉದ್ದ ಹೆಸರು ಮುಳುವಾಗುತ್ತದೆ ಎಂಬುದು ನನ್ನ ವಾದ. ಕೇಳೋಕೆ ಚೆನ್ನಾಗಿದೆ, ಅಲ್ವಾ?

ಎರಡೂವರೆ ತಿಂಗಳಾದ ಮೇಲೆ 'ಇಲ್ಲ' ಎಂದು ಪತ್ರ ಬಂತು. ಜೊತೆಗೆ ವಿಮರ್ಶಕರ ಮಾತುಗಳು. ಹೆಸರಿಲ್ಲದ ಆ ಮೂರು ಜನ ನನ್ನ ಅರ್ಜಿಯನ್ನು ನನಗಿಂತ ಶ್ರದ್ಧೆಯಿಂದ ಓದಿದ್ದರು.

ಒಬ್ಬರು ಲೆಕ್ಕ ಹಿಡಿದುಕೊಂಡರು. 400 ಎಂಬ ಸಂಖ್ಯೆ ನಾನು ಪಠ್ಯಪುಸ್ತಕದಿಂದ ಎತ್ತಿದ್ದು. ಎರಡೇ ಗುಂಪು ಇದ್ದು, ವ್ಯತ್ಯಾಸ ಸಣ್ಣದಿದ್ದರೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್ನಿನ (ಉತ್ತರಗಳು ಸರಾಸರಿಯ ಆಚೀಚೆ ಎಷ್ಟು ಚದುರಿವೆ ಎಂಬ ಅಳತೆ) ಐದನೇ ಒಂದು ಭಾಗದಷ್ಟಿದ್ದರೆ, ಅದನ್ನು ನೂರರಲ್ಲಿ 80 ಸಲ ಹಿಡಿಯಲು ಗುಂಪಿಗೆ ಸುಮಾರು 400 ಜನ ಸಾಕು. ಆದರೆ ನನ್ನ ವಾದ ಒಂದು ವ್ಯತ್ಯಾಸದ್ದಲ್ಲ, ವ್ಯತ್ಯಾಸಗಳ ನಡುವಿನ ವ್ಯತ್ಯಾಸದ್ದು. ಅದು ಅಷ್ಟೇ ದೊಡ್ಡದಿದ್ದರೂ ಹಿಡಿಯಲು ಒಟ್ಟು ಜನ ನಾಲ್ಕು ಪಟ್ಟು ಬೇಕು. ಎರಡು ಗುಂಪಿಗೆ 800 ಸಾಕಾಗುವ ಕಡೆ 3,200. ನಾನು ಕೇಳಿದ್ದು ಅದರ ಅರ್ಧ. ಇದನ್ನು ಕ್ಲಾಸಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅರ್ಜಿ ಬರೆಯುವಾಗ ಮರೆತೆ.

ಇನ್ನೊಬ್ಬರದ್ದು ಒಂದೇ ಸಾಲು. ಉದ್ದ ಹೆಸರಿಗೆ ಒಂದೇ ಹೆಸರು ಇಟ್ಟಿದ್ದೀರಿ, ಜನ ಬೇಡ ಅಂದರೆ ಅದು ಉದ್ದಕ್ಕೋ, ಆ ಹೆಸರಿಗೋ? ಉತ್ತರವಿರಲಿಲ್ಲ.

ಮೂರನೆಯವರು ಕೇಳಿದ್ದು, ಇದಕ್ಕೆ ಇಡೀ ದೇಶದ ಮಾದರಿ ಯಾಕೆ ಬೇಕು ಎಂದು. ನಾನು 'ಫಲಿತಾಂಶ ಎಲ್ಲರಿಗೂ ಅನ್ವಯಿಸುವಂತಿರುತ್ತದೆ' ಎಂದು ಬರೆದಿದ್ದೆ. ಅದು ಯಾವ ಅರ್ಜಿಗೂ ಹೊಂದುವ ಸಾಲು, ಮದುವೆ ಪತ್ರಿಕೆಯ 'ತಮ್ಮ ಆಗಮನಾಭಿಲಾಷಿಗಳು' ಇದ್ದ ಹಾಗೆ. ನಿಜವಾದ ಕಾರಣ ನನ್ನ ಹತ್ತಿರವೇ ಇತ್ತು. ಇಂಥ ಡಾಕ್ಟರನ್ನು ಹೆಚ್ಚಾಗಿ ನೋಡುವವರು ಸಣ್ಣ ಊರಿನವರು, ವಯಸ್ಸಾದವರು. ಅಗ್ಗದ ಆನ್‌ಲೈನ್ ವೇದಿಕೆಗಳಲ್ಲಿ ಸಿಗದವರೂ ಅವರೇ. ಅದನ್ನು ಬರೆದಿರಲಿಲ್ಲ.

ಟೆಸ್‌ನ ಸರ್ವೆ ನಡೆಸುತ್ತಿದ್ದದ್ದು ಷಿಕಾಗೊ ಯೂನಿವರ್ಸಿಟಿಯ ನೋರ್ಕ್ ಸಂಸ್ಥೆ, ತನ್ನ ಅಮೆರಿಸ್ಪೀಕ್ ಎಂಬ ಪ್ಯಾನೆಲ್ಲಿನ ಮೂಲಕ. ಪ್ಯಾನೆಲ್ ಅಂದರೆ ಆಗಾಗ ಸರ್ವೆಗಳಿಗೆ ಉತ್ತರಿಸಲು ಒಪ್ಪಿಕೊಂಡವರ ಗುಂಪು. ಅದಕ್ಕೆ ನಾವಾಗಿ ಹೋಗಿ ಸೇರಲು ಬರುವುದಿಲ್ಲ. ಮನೆಗಳ ವಿಳಾಸದ ಪಟ್ಟಿಯಿಂದ ಅವರೇ ಲಾಟರಿ ಹಾಗೆ ಆರಿಸುತ್ತಾರೆ. ಕಾಗದ ಹಾಕುತ್ತಾರೆ, ಫೋನ್ ಮಾಡುತ್ತಾರೆ. ಉತ್ತರ ಬರದಿದ್ದರೆ ಅಂಥ ಕೆಲವು ಮನೆಗಳ ಬಾಗಿಲಿಗೇ ಹೋಗುತ್ತಾರೆ. ಇಂಟರ್ನೆಟ್ ಇಲ್ಲದವರು ಫೋನಿನಲ್ಲಿ ಉತ್ತರ ಹೇಳಬಹುದು. ಮೊದಲು ಈ ಕೆಲಸ ಮಾಡುತ್ತಿದ್ದ ನಾಲೆಡ್ಜ್ ನೆಟ್‌ವರ್ಕ್ಸ್ ಎಂಬ ಕಂಪನಿ ಇಂಟರ್ನೆಟ್ ಇಲ್ಲದ ಮನೆಗೆ ತಾನೇ ಸಲಕರಣೆ, ಸಂಪರ್ಕ ಎರಡೂ ಕೊಡುತ್ತಿತ್ತು. ಆನ್‌ಲೈನ್ ಸರ್ವೆ ಅಂದಮೇಲೆ ಆನ್‌ಲೈನ್ ಇರುವವರು ಮಾತ್ರ ಅಂದುಕೊಂಡಿದ್ದ ನನಗೆ ಇದು ಹೊಸದು. ನಮ್ಮಮ್ಮನ ನೆನಪಾಯಿತು. ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆ, ದಿನವಿಡೀ ಯೂಟ್ಯೂಬ್ ನೋಡುತ್ತಾರೆ. ಆದರೆ ನಾನು ಪರೀಕ್ಷೆಗೆ ಅಂತ ಒಂದು ಲಿಂಕ್ ಕಳಿಸಿದರೆ ಒತ್ತಲಿಲ್ಲ. 'ಯಾವ ಲಿಂಕನ್ನೂ ಒತ್ತಬೇಡಿ ಅಂತ ಬ್ಯಾಂಕಿನೋರು ಹೇಳವ್ರೆ' ಎಂದರು. ಇಂಥವರನ್ನು ಬಿಟ್ಟು ದೇಶದ ಮಾತು ಆಡುವುದಾದರೂ ಹೇಗೆ?

ಎರಡನೇ ಸಲಕ್ಕೆ ಪ್ಲಾನು ಬದಲಿಸಿದೆ. ಓದಿದ್ದೆಲ್ಲಿ ಎಂಬುದನ್ನು ಕಿತ್ತುಹಾಕಿದೆ. ಹೊಟ್ಟೆ ಉರಿಯಿತು, ನನಗೆ ತುಂಬಾ ಇಷ್ಟವಾಗಿದ್ದ ಭಾಗ ಅದೇ. ಮೂರು ಗುಂಪು ಉಳಿಯಿತು: ಅಮೆರಿಕನ್ ಹೆಸರು, ಗಿಡ್ಡ ಇಂಡಿಯನ್ ಹೆಸರು, ಉದ್ದ ಇಂಡಿಯನ್ ಹೆಸರು. ಗುಂಪಿಗೆ ಎಂಟೆಂಟು ಹೆಸರು, ಯಾರಿಗೆ ಯಾವುದು ಅನ್ನುವುದು ಚೀಟಿ.

ಹೆಸರು ಹುಡುಕಲು ಮದ್ದೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

'ಅಕ್ಕ, ಉದ್ದುದ್ದ ಹೆಸರು ಒಂದಷ್ಟು ಹೇಳು.'

'ಯಾಕೋ, ಮಗು ಏನಾದ್ರೂ...'

'ಅಯ್ಯೋ ಇಲ್ಲಕ್ಕ. ಸರ್ವೆಗೆ.'

'ಇದನ್ನ ಓದೋಕೆ ಅಷ್ಟು ದೂರ ಹೋದ್ಯೇನೋ? ಬರ್ಕೋ. ವೆಂಕಟಸುಬ್ಬಯ್ಯ. ಚಿಕ್ಕನಂಜುಂಡಯ್ಯ. ಪುಟ್ಟಲಿಂಗೇಗೌಡ.'

ಪುಟ್ಟಲಿಂಗೇಗೌಡ ಎಂದಾಗ ಇಬ್ಬರಿಗೂ ನಗು ಬಂತು. ಉದ್ದ ಹೆಸರಿನ ಮೊದಲಲ್ಲೇ 'ಪುಟ್ಟ'.

ಮಾರನೇ ದಿನ ಆಫೀಸಿನ ಜೊತೆಗಾರರಿಗೆ ಚೀಟಿಯಲ್ಲಿ ಬರೆದುಕೊಟ್ಟು ಜೋರಾಗಿ ಓದಿ ಎಂದೆ. ನಾನು ಗಡಿಯಾರ ಹಿಡಿದು ಕೂತೆ. ಅಯೋವಾದ ಒಬ್ಬ ಹುಡುಗ 'ಪುಟಾ' ಎಂದು ನಿಂತ, ಮುಖ ಕೆಂಪಗಾಯಿತು. ಸ್ಪ್ಯಾನಿಷಿನಲ್ಲಿ ಅದು ಬೈಗುಳವಂತೆ, ಮೆಕ್ಸಿಕೊ ಮೂಲದ ಗೆಳತಿ ಬಿದ್ದು ಬಿದ್ದು ನಕ್ಕಳು. ಅಲ್ಲಿಗೆ ಗೌಡರ ಹೆಸರಿಗೆ ಉದ್ದದ ಜೊತೆ ಇನ್ನೊಂದು ಅರ್ಥ ಅಂಟಿಕೊಂಡಿತು. ವಿಮರ್ಶಕರು ಹೇಳಿದ್ದ ತೊಂದರೆ ಇದೇ. ಹೆಸರನ್ನು 'ಶಿವಲಿಂಗೇಗೌಡ' ಮಾಡಿದೆ. ಅಕ್ಕನಿಗೆ ಹೇಳಲಿಲ್ಲ. ಅವಳ ಪಾಲಿಗೆ ಅವರು ಪುಟ್ಟಲಿಂಗೇಗೌಡರೇ.

ಆಮೇಲೆ ಪ್ರಶ್ನೆಗಳ ಲೆಕ್ಕ. ನಿಜವಾದ ಜಿಪುಣತನ ಕಲಿತದ್ದು ಇಲ್ಲಿ. ಅವರು ಕೊಡುವ ಜಾಗಕ್ಕೆ ಮಿತಿ ಇದೆ. ಜನ ಜಾಸ್ತಿ ಬೇಕಾದರೆ ಪ್ರಶ್ನೆ ಕಡಿಮೆ, ಪ್ರಶ್ನೆ ಜಾಸ್ತಿ ಆದರೆ ಜನ ಕಡಿಮೆ. ಜನ ಓದಬೇಕಾದ ಕಥೆ ಉದ್ದವಾದರೆ ಅದೂ ಲೆಕ್ಕಕ್ಕೆ ಬರುತ್ತದೆ. ನನ್ನ ಪಟ್ಟಿಯಲ್ಲಿ 11 ಪ್ರಶ್ನೆ ಇದ್ದವು. ಗೈಡ್ ಪೆನ್ಸಿಲ್ ತೆಗೆದುಕೊಂಡು, ವಯಸ್ಸು, ಓದು, ಆದಾಯ ಮೂರನ್ನೂ ಹೊಡೆದುಹಾಕಿದರು. ಪ್ಯಾನೆಲ್ಲಿನವರ ಬಗ್ಗೆ ಇವೆಲ್ಲ ಅವರ ಹತ್ತಿರ ಆಗಲೇ ಇರುತ್ತವೆ, ಡೇಟಾ ಜೊತೆ ಪುಕ್ಕಟೆ ಬರುತ್ತವೆ. ಸಂಬಳದ ಪ್ರಶ್ನೆಗೆ ಬಂದಾಗ ನಾನೇ ಹೊಡೆದೆ. '2 ಲ್ಯಾಕ್ಸ್' ಸಾಕಾಗಿತ್ತು. 'ಈ ಡಾಕ್ಟರು ಎಷ್ಟು ಬುದ್ಧಿವಂತರು', 'ಎಷ್ಟು ಸ್ನೇಹಪರರು' ಎಂಬ ಎರಡರಲ್ಲಿ ಒಂದು ಉಳಿಯಬೇಕಿತ್ತು. ಅದಕ್ಕೆ ಒಂದು ಮಧ್ಯಾಹ್ನ ಪೂರ್ತಿ ವಾದ ನಡೆಯಿತು. ಪ್ರತಿ ಪ್ರಶ್ನೆಗೂ ಗೈಡ್ ಕೇಳುತ್ತಿದ್ದದ್ದು ಒಂದೇ: 'ಇದಕ್ಕೆ ಹೌದು ಅಂದರೆ ಏನು ಬರೀತೀಯ, ಇಲ್ಲ ಅಂದರೆ ಏನು ಬರೀತೀಯ?' ಎರಡಕ್ಕೂ ಉತ್ತರವಿಲ್ಲದ ಪ್ರಶ್ನೆಗೆ ಪೆನ್ಸಿಲ್ ಗೀಟು. ಕೊನೆಗೆ ಉಳಿದದ್ದು ನಾಲ್ಕು.

ಈ ನಾಲ್ಕು ಪ್ರಶ್ನೆಯ ಅರ್ಜಿ ಬರೆಯಲು ಎರಡು ತಿಂಗಳು ಹಿಡಿಯಿತು. 2019ರ ಜೂನ್‌ನಲ್ಲಿ ಹಾಕಿದೆ, ಶರತ್ಕಾಲದಲ್ಲಿ ಒಪ್ಪಿಗೆ ಬಂತು. ಯೂನಿವರ್ಸಿಟಿಯ ನೈತಿಕ ಸಮಿತಿಯ ಅನುಮತಿಗೆ ಮೂರು ವಾರ ಹೋಯಿತು. ಡಾಕ್ಟರು ಕಲ್ಪಿತ ವ್ಯಕ್ತಿ ಎಂದು ಕೊನೆಯ ಪರದೆಯಲ್ಲಿ ತಿಳಿಸಬೇಕು ಅಂದರು, ತಿಳಿಸಿದೆ. ಯಾವ ಲೆಕ್ಕ ಮಾಡುತ್ತೇನೆ, ಏನು ಬಂದರೆ ನನ್ನ ಊಹೆ ಸರಿ ಎನ್ನುತ್ತೇನೆ ಎಂಬುದನ್ನೆಲ್ಲ ಡೇಟಾ ಬರುವ ಮೊದಲೇ ಬರೆದು, ತಾರೀಖು ಹಾಕಿ ನೋಂದಾಯಿಸಿದೆ.

ಸರ್ವೆ ಜನರಿಗೆ ಹೋಗುವ ಮುಂಚೆ ನಮಗೊಂದು ಪರೀಕ್ಷೆಯ ಲಿಂಕ್ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ನೋಡಿದೆ, ಚೆನ್ನಾಗಿತ್ತು. ಸರಿ ಅಂತ ಮೇಲ್ ಬರೆಯಲು ಕೂತವನು, ಹೇಗೂ ಇರಲಿ ಅಂತ ನನ್ನ ಹಳೆಯ ಫೋನಿನಲ್ಲೂ ತೆರೆದೆ. ಅದೃಷ್ಟ. ಮೊದಲ ಪರದೆಯಲ್ಲಿ ಡಾಕ್ಟರು ಚಿಕ್ಕನಂಜುಂಡಯ್ಯ. ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ಅವರೇ ಡಾಕ್ಟರು ಮಿಲ್ಲರ್ ಆಗಿದ್ದರು! ತಪ್ಪು ನನ್ನದೇ. ಕಳಿಸಿದ್ದ ವರ್ಡ್ ಫೈಲಿನಲ್ಲಿ ಮೂರನೇ ಪ್ರಶ್ನೆಯಲ್ಲಿ ಹೆಸರಿನ ಜಾಗ ಖಾಲಿ ಬಿಡುವ ಬದಲು ಉದಾಹರಣೆಗೆ ಬರೆದಿದ್ದ ಮಿಲ್ಲರನ್ನು ಹಾಗೇ ಬಿಟ್ಟಿದ್ದೆ. ಲ್ಯಾಪ್‌ಟಾಪಿನಲ್ಲಿ ನೋಡುವಾಗ ಚೀಟಿಯಲ್ಲೂ ಮಿಲ್ಲರೇ ಬಂದಿತ್ತು, ಅದಕ್ಕೇ ಕಾಣಲಿಲ್ಲ. ಆ ರಾತ್ರಿ ಲಿಂಕನ್ನು ನಲವತ್ತಕ್ಕೂ ಜಾಸ್ತಿ ಸಲ ತೆರೆದೆ, 24 ಹೆಸರೂ ಒಂದೊಂದು ಸಲವಾದರೂ ಬರುವವರೆಗೆ.

2020ರ ಫೆಬ್ರವರಿಯಲ್ಲಿ ಸರ್ವೆ ನಡೆಯಿತು. ಮುಗಿದು ಸ್ವಲ್ಪ ದಿನಕ್ಕೆ ದೇಶ ಬಾಗಿಲು ಹಾಕಿಕೊಂಡಿತು. ಒಂದು ತಿಂಗಳು ತಡವಾಗಿದ್ದರೆ 'ಡಾಕ್ಟರ ಹತ್ತಿರ ಹೋಗ್ತೀರಾ' ಎಂಬ ಪ್ರಶ್ನೆಯ ಅರ್ಥವೇ ಬೇರೆಯಾಗುತ್ತಿತ್ತು.

ಫೈಲು ಬಂದ ದಿನ ಮೊದಲೇ ಬರೆದಿಟ್ಟಿದ್ದ ಕೋಡ್ ಓಡಿಸಿದೆ. ಗಿಡ್ಡ ಇಂಡಿಯನ್ ಹೆಸರಿಗೂ ಉದ್ದ ಇಂಡಿಯನ್ ಹೆಸರಿಗೂ ಒಂದರಿಂದ ಏಳರ ಅಳತೆಯಲ್ಲಿ ಇದ್ದ ಅಂತರ ದಶಮಾಂಶದ ಎರಡನೇ ಸ್ಥಾನದಲ್ಲಿತ್ತು. ಅಂದರೆ ಏನೂ ಇಲ್ಲ. ಎರಡು ವರ್ಷ, ಎರಡು ಅರ್ಜಿ, 24 ಹೆಸರು, ಕೊನೆಗೆ ಸೊನ್ನೆ. ವಯಸ್ಸಾದವರಲ್ಲಿ ನೋಡಿದರೆ? ಹಳ್ಳಿಯವರಲ್ಲಿ ಮಾತ್ರ? ಕೈ ತುರಿಸಿತು. ನೋಂದಣಿಯಲ್ಲಿ ಒಳಗುಂಪು ಅಂತ ಅವೆರಡು ಬಿಟ್ಟು ಬೇರೆ ಯಾವುದನ್ನೂ ಬರೆದಿರಲಿಲ್ಲ. ಅವೆರಡರಲ್ಲೂ ಏನಿರಲಿಲ್ಲ.

ಒಂದು ತಿಂಗಳು ಆ ಫೋಲ್ಡರ್ ತೆರೆಯಲಿಲ್ಲ. ಲಾಕ್‌ಡೌನ್ ಎಂಬ ನೆಪವೂ ಇತ್ತು. ಗೈಡ್ ಒಂದು ಪ್ರಬಂಧ ಕಳಿಸಿದರು, ಜೊತೆಗೆ ಒಂದು ಮಾತೂ ಬರೆಯದೆ. 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫ್ರಾಂಕೊ, ಮಲ್ಹೋತ್ರ, ಸಿಮೊನೊವಿಟ್ಸ್ ಬರೆದದ್ದು. ಅವರು ಟೆಸ್‌ನಲ್ಲೇ ನಡೆದಿದ್ದ 221 ಪ್ರಯೋಗಗಳ ಜಾಡು ಹಿಡಿದಿದ್ದರು. ಎಲ್ಲವೂ ಅರ್ಜಿ ಹಂತದಲ್ಲಿ ಒಂದೇ ಜರಡಿಯಲ್ಲಿ ಸೋಸಿ ಬಂದವು. ಆದರೂ ಗಟ್ಟಿ ಫಲಿತಾಂಶ ಬಂದವು ಪ್ರಕಟವಾಗುವ ಸಾಧ್ಯತೆ, ಸೊನ್ನೆ ಬಂದವಕ್ಕಿಂತ 40 ಶೇಕಡಾ ಅಂಶ ಜಾಸ್ತಿ. ಬರೆಯುವ ಹಂತಕ್ಕೆ ಬರುವ ಸಾಧ್ಯತೆಯಲ್ಲಂತೂ 60 ಅಂಶದ ಅಂತರ. ಅಂದರೆ ಪತ್ರಿಕೆಗಳು ತಿರಸ್ಕರಿಸುವುದಕ್ಕೆ ಮೊದಲೇ, ಸಂಶೋಧಕರೇ ಪೆನ್ನು ಮುಚ್ಚಿಟ್ಟಿದ್ದರು. ಟೆಸ್‌ನಲ್ಲಿ ಯಾವ್ಯಾವ ಪ್ರಯೋಗ ನಡೆಯಿತು ಎಂಬ ಪೂರ್ತಿ ಪಟ್ಟಿ ಸಿಗುವುದರಿಂದಲೇ ಇದು ಹೊರಬಿತ್ತು. ಬೇರೆ ಕಡೆಯಾಗಿದ್ದರೆ ಮುಚ್ಚಿಟ್ಟ ಪೆನ್ನನ್ನು ಎಣಿಸುವವರು ಯಾರು?

ನಾಚಿಕೆಗಾದರೂ ಬರೆಯಬೇಕಾಯಿತು. ಬರೆದೆ. ನನ್ನ ಪಿಎಚ್‌ಡಿ ಪ್ರಬಂಧದ ಒಂದು ಅಧ್ಯಾಯವಾಯಿತು.

ಈಗ ಊರಿನ ಕಡೆಯ ಗೆಳೆಯರು ಕೇಳುತ್ತಾರೆ. ಧಾರವಾಡದಲ್ಲಿ ಪಾಠ ಮಾಡುವ ಒಬ್ಬರು, ನಮ್ಮ ಜನರ ಮೇಲೆ ಇಂಥದ್ದು ಮಾಡಲು ಹಣ ಎಲ್ಲಿ ಸಿಗುತ್ತೆ ಎಂದರು. ಟೆಸ್ ಕೊಟ್ಟದ್ದು ಅಮೆರಿಕದ ವಯಸ್ಕರನ್ನು ಮಾತ್ರ. ಭಾರತದಲ್ಲಿ ಐಸಿಎಸ್‌ಎಸ್‌ಆರ್, ಅಂದರೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಇದೆ, 1969ರಿಂದ ಸಮಾಜ ವಿಜ್ಞಾನದ ದೊಡ್ಡ, ಸಣ್ಣ ಯೋಜನೆಗಳಿಗೆ ಹಣ ಕೊಡುತ್ತಾ ಬಂದಿದೆ. ಆದರೆ ಅಲ್ಲಿ ಸಿಗುವುದು ಹಣ, ಗಾಣವಲ್ಲ. ಜನರನ್ನು ನೀವೇ ಹುಡುಕಿಕೊಳ್ಳಬೇಕು. ಲಿಂಕ್ ಒತ್ತದ ನಮ್ಮಮ್ಮನಂಥವರ ಮನೆಬಾಗಿಲಿಗೆ ಟ್ಯಾಬ್ ಹಿಡಿದು ಹುಡುಗರನ್ನು ಕಳಿಸುವ ಖರ್ಚನ್ನು ಮೊದಲು ಬಜೆಟ್ಟಿನಲ್ಲಿ ಹಾಕಿ, ಉಳಿದದ್ದು ಆಮೇಲೆ ಎಂದೆ. ವಾಟ್ಸಾಪ್ ಗುಂಪುಗಳಿಗೆ ಗೂಗಲ್ ಫಾರ್ಮ್ ಕಳಿಸಿ 'ಕರ್ನಾಟಕದ ಜನಾಭಿಪ್ರಾಯ' ಎನ್ನುವುದಾದರೆ ಹಣವೇ ಬೇಡ, ಅಲ್ವಾ?

ಡೇಟಾ ಸಾರ್ವಜನಿಕವಾದ ದಿನ ಅಕ್ಕನಿಗೆ ಫೋನ್ ಮಾಡಿದ್ದೆ. ಈಗ ಯಾರು ಬೇಕಾದರೂ ನೋಡಬಹುದು ಎಂದೆ.

'ಅದಿರ್ಲಿ, ನಮ್ ಪುಟ್ಟಲಿಂಗೇಗೌಡ್ರು ಏನಾದ್ರು?'

ಹೆಸರು ಬದಲಿಸಿದ್ದನ್ನು ಕೊನೆಗೂ ಒಪ್ಪಿಕೊಂಡೆ. ಯಾಕೆ ಅಂತಲೂ ಹೇಳಿದೆ. ನಗು ನಿಲ್ಲಲು ಒಂದು ನಿಮಿಷ ಬೇಕಾಯಿತು.

'ಸರಿ, ಆ ಶಿವಲಿಂಗೇಗೌಡ್ರ ಹತ್ರ ಜನ ಹೋಗ್ತಾರಂತಾ?'

'ಗಿಡ್ಡ ಹೆಸರಿನೋರ ಹತ್ರ ಎಷ್ಟು ಜನವೋ ಇವರ ಹತ್ರಾನೂ ಅಷ್ಟೇ ಅಕ್ಕ. ಏನೂ ವ್ಯತ್ಯಾಸ ಇಲ್ಲ.'

'ಅದಕ್ಕೇ ಎರಡು ವರ್ಷ ಹಿಡೀತಾ?' ಎಂದಳು. ಆಮೇಲೆ ಒಂದು ಕ್ಷಣ ಬಿಟ್ಟು, 'ಫೀಸ್ ಎಷ್ಟು ಅಂತ ಕೇಳಿದ್ರೇನೋ ನೀವು? ಅದನ್ನ ಕೇಳ್ಬೇಕಿತ್ತು' ಎಂದಳು.

ಕೇಳಿರಲಿಲ್ಲ.